ಬಚ್ಚಲ ಗುಲಾಬಿ ನನ್ನ ತಲೆಯದಲ್ಲ

ರೀ, ನಾನು ಗೆದ್ದೆ! ಸ್ಕೂಲಿಗೆ ಹೊರಟಿದ್ದೀನಿ, ನೀವು ಹಲ್ಲುಜ್ಜೋಕೂ ಮುಂಚೆ ಇದನ್ನ ಓದಿ.

ಬಚ್ಚಲ ಮೂಲೆಯ ಆ ಗುಲಾಬಿ ಕಲೆ ನಾನು ತಲೆಗೆ ಹಚ್ಚೋ ಬಣ್ಣದ್ದಲ್ಲ, ಬೂಷ್ಟೂ ಅಲ್ಲ. ಬ್ಯಾಕ್ಟೀರಿಯಾ! ಮಕ್ಕಳಿಗೆ ಪಾಠ ಮಾಡೋ ಭೂತಗನ್ನಡಿ ಹಿಡಿದು ಮಂಡಿಯೂರಿ ನೋಡಿದೆ. ಒಂದು ಎಳೆಯೂ ಇಲ್ಲ, ಬರೀ ಲೋಳೆ, ಬೆರಳಿಟ್ಟರೆ ಜಾರುತ್ತೆ. ನಿಮ್ಮ ಬೀರುವಿನ ಹಿಂದೆ ಕಪ್ಪಗಿದೆಯಲ್ಲ, ಅದು ಅಸಲಿ ಬೂಷ್ಟು. ಮಖಮಲ್ಲಿನ ಹಾಗೆ ನವಿರು ಕೂದಲು, ಉಫ್ ಅಂದ್ರೆ ಪುಡಿ ಹಾರುತ್ತೆ.

ಅದಕ್ಕೇ ಬೀರುವಿನ ತಂಟೆಗೆ ಹೋಗ್ಬೇಡಿ. ಒಣ ಪೊರಕೆ ಆಡಿಸಿದ್ರೆ ನಿಮ್ಮ ಉಬ್ಬಸ ಎದ್ದು ಕೂರುತ್ತೆ. ಸಂಜೆ ನಾನೇ ಮೂಗಿಗೆ ಬಟ್ಟೆ ಕಟ್ಕೊಂಡು ಒದ್ದೆ ಬಟ್ಟೇಲಿ ಒರೆಸ್ತೀನಿ. ಬಚ್ಚಲು ನಿಮ್ಮ ಪಾಲು, ಸೋಪು ಹಾಕಿ ಗಸಗಸ ತಿಕ್ಕಿ, ನೆಲ ಒಣಗಿಸಿ. ಅಂಗೈಯಗಲ ಮಾತ್ರ ಬಿಡಿ, ಅತ್ತೆಗೆ ತೋರಿಸ್ಬೇಕು. ಅವರೂ ನಿಮ್ಮ ಜೊತೆ ಸೇರಿ ‘ಅವಳ ಬಣ್ಣದ್ದೇ ಕಲೆ’ ಅಂತ ಹಾಡಿದ್ದೇ ಹಾಡಿದ್ದು!

ನಿಮ್ಮ ಕಾಟ ತಾಳಲಾರದೆ ಬೇಸಿಗೆಯಿಂದ ನಾನು ಬಣ್ಣ ಮುಟ್ಟಿಲ್ಲ. ತಲೆ ಬೆಳ್ಳಗಾಯ್ತು, ಬಚ್ಚಲು ಮಾತ್ರ ಗುಲಾಬಿಯಾಗೇ ಇದೆ. ನಮ್ಮಿಬ್ಬರಿಗೂ ಆಗಲೇ ಹೊಳೀಬೇಕಿತ್ತು.

ಸಂಜೆ ಬರ್ತಾ ಬಣ್ಣದ ಪೊಟ್ಟಣ ತನ್ನಿ. ಈ ಸಲ ಕಡುಗೆಂಪು.