ಬಿಸಿಲು ಹಾಗೇ ಇರಲಿ

ಚನ್ನರಾಯಪಟ್ಟಣ,
ದೇವನಹಳ್ಳಿ ತಾಲ್ಲೂಕು
೪ನೇ ಆಗಸ್ಟ್ ೧೯೪೬

ಚಿರಂಜೀವಿ ಲಕ್ಷ್ಮಯ್ಯನಿಗೆ ಅಕ್ಕನ ಆಶೀರ್ವಾದ. ಇಲ್ಲಿ ನಾವೆಲ್ಲ ಗಟ್ಟಿಯಾಗಿದ್ದೇವೆ, ನೀನೂ ಹಾಗೇ ಇರು. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಹೆಂಗಸಿಗೆ ಬಿಡುವೆಲ್ಲಿ ಎಂದು ಬರೆಯೋಣವೆಂದುಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಸಿಟ್ಟು.

ನಮ್ಮ ಅತ್ತೆ ಮಾರಕ್ಕನವರಿಗೆ ಕಣ್ಣು ಪೂರ್ತಿ ಮಂಜಾಗಿದೆ. ಆದರೂ ಹುಳಕ್ಕೆ ಬಾಡಿದ ಸೊಪ್ಪು ಹಾಕಿದರೆ ವಾಸನೆಯಿಂದಲೇ ಹಿಡಿದು ನನ್ನನ್ನು ಬೈಯುತ್ತಾರೆ. ನಿನ್ನ ಭಾವನಿಗೆ ತೋಟಕ್ಕೆ ನೀರೆತ್ತಲು ಕಪಿಲೆ ಹೊಡೆದೂ ಹೊಡೆದೂ ಬೆನ್ನು ನೋವು.

ಇನ್ನು ಕತೆಯ ವಿಚಾರ. ನಿನ್ನ ಮಾಸಪತ್ರಿಕೆಗೆಂದು ನಾನು ಬರೆದು ಕಳಿಸಿದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಒಪ್ಪಿಗೆ ಕೇಳಿ ವಾಪಸು ಕಳಿಸಿದ್ದೀಯ. ಕಾಗುಣಿತ ತಿದ್ದಿದ್ದಕ್ಕೆ ನಾನು ಚಕಾರ ಎತ್ತುವುದಿಲ್ಲ. ನಾನು ಓದಿದ್ದೇ ಮಿಡ್ಲ್ ಸ್ಕೂಲಿನವರೆಗೆ. ಆದರೆ ಮಗು ಸಾಯುವ ದಿನ ನಾನು ಬರೆದ ಬಿಸಿಲನ್ನು ಹೊಡೆದುಹಾಕಿ, ಆ ಜಾಗದಲ್ಲಿ ಮಳೆ ಸುರಿಸಿದ್ದೀಯಲ್ಲ, ಅದಕ್ಕೆ ನಾನು ಒಪ್ಪುವವಳಲ್ಲ. ತಾಯಿ ಅಳುವಾಗ ಆಕಾಶವೂ ಅಳಬೇಕು, ಪಾತ್ರದ ಮನಸ್ಸು ಸುತ್ತಲಿನ ನೋಟದಲ್ಲಿ ಕಾಣಬೇಕು ಎಂದು ಪಾಠ ಬರೆದಿದ್ದೀಯ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೋ?

ಅದು ಯಾರ ಕತೆ ಎಂದು ನಿನಗೆ ಗೊತ್ತು. ಹೆಸರು ಬದಲಾಯಿಸಿದ್ದೇನೆ, ಅಷ್ಟೆ. ನನ್ನ ಅಂಜಿನಮ್ಮ ಹೋಗಿ ಈ ವೈಶಾಖಕ್ಕೆ ಎರಡು ವರ್ಷ ತುಂಬಿತು. ಆ ದಿನದ ಆಕಾಶ ನನಗೆ ಗೊತ್ತಿಲ್ಲವೇ? ಒಂದು ಮೋಡ ಇರಲಿಲ್ಲ. ಹೊಂಗೆ ಮರ ಅಂಗಳದ ತುಂಬ ಹೂ ಚೆಲ್ಲಿತ್ತು. ಬೆಳಿಗ್ಗೆ ಒಗೆದು ಹಾಕಿದ ಅವಳ ಲಂಗ ಗಳಿಗೆಯಲ್ಲಿ ಒಣಗಿತು.

ಅವತ್ತೇ ಹುಳ ಹಣ್ಣಾದವು. ಹಣ್ಣಾದ ಹುಳ ಸೊಪ್ಪು ಮುಟ್ಟುವುದಿಲ್ಲ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗಲೇ ಆಯ್ದು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಒಂದು ತಿಂಗಳ ದುಡಿಮೆ ಮಣ್ಣುಪಾಲು. ಸೂತಕವೆಂದು ನಾವು ಮುಟ್ಟುವ ಹಾಗಿರಲಿಲ್ಲ. ಪಕ್ಕದ ಮನೆಯ ಅಮ್ಮಯಮ್ಮ ಬಂದು ಆಯ್ದಳು. ಹುಳ ಗೂಡಿಗೆ ಹತ್ತಿದ ಮನೆಯಲ್ಲಿ ಗಟ್ಟಿಯಾಗಿ ಅಳಬಾರದೆಂಬುದು ಈ ಮನೆಯ ಕಟ್ಟುಪಾಡು. ಅತ್ತೆ ನನ್ನ ಸೆರಗನ್ನು ನನ್ನ ಬಾಯಿಗೇ ಒತ್ತಿ, “ಅಳೋದಾದ್ರೆ ತೋಟಕ್ಕೋಗಿ ಅಳು, ಕದಿರಿ. ಹುಳ ಹೆದರ್ತವೆ” ಎಂದರು. ನಾನು ಹೋಗಲಿಲ್ಲ. ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತೆ. ಅಳಲೂ ಇಲ್ಲ.

ಅಷ್ಟು ದಿನ ಸರಸರ ಸೊಪ್ಪು ಮೇಯುವ ಸದ್ದಿನಿಂದ ತುಂಬಿದ್ದ ಮನೆ ಅವತ್ತು ಬಾಯಿ ಮುಚ್ಚಿಕೊಂಡಿತ್ತು. ಹೊರಗೆ ಬಿಸಿಲು, ಒಳಗೆ ಸದ್ದಿಲ್ಲ. ನನ್ನ ದುಃಖ ಎಲ್ಲಾದರೂ ಕಾಣಬೇಕಾದರೆ ಅಲ್ಲಿ ಕಾಣಲಿ. ಇಷ್ಟೆಲ್ಲ ಆದರೂ ಆ ಬಿಸಿಲು ನನ್ನ ಕಡೆ ತಿರುಗಿಯೂ ನೋಡಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಸಿಟ್ಟಿದೆ. ಆ ಸಿಟ್ಟೇ ನನ್ನ ಕತೆ. ನೀನು ಮಳೆ ಸುರಿಸಿದರೆ ಅದು ಕೊಚ್ಚಿಹೋಗುತ್ತದೆ.

ನಿನ್ನ ತಿದ್ದುಪಡಿಯನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಅವರು ಹೊಸೆಯುತ್ತಿದ್ದ ಹಗ್ಗವನ್ನು ಪಕ್ಕಕ್ಕಿಟ್ಟರು. ಆಮೇಲೆ, “ಬಿಸ್ಲೇ ಇದ್ದಿದ್ದು ಕಣೆ. ಅವ್ಳನ್ನ ಎತ್ಕೊಂಡೋಗೋವಾಗ ನನ್ ಕಾಲು ಸುಟ್ಟೋಯ್ತು” ಎಂದರು. ಇದಕ್ಕಿಂತ ದೊಡ್ಡ ಸಾಕ್ಷಿ ನಾನು ತರಲಾರೆ.

ಓದುವವರ ಕಣ್ಣು ಒದ್ದೆಯಾಗಬೇಕು ಎನ್ನುತ್ತೀಯ. ಆಗದಿದ್ದರೆ ಬೇಡ. ನಿನ್ನ ಮಳೆಯ ಮೇಲೆಲ್ಲ ಗೀಟು ಹಾಕಿ, ನನ್ನ ಬಿಸಿಲನ್ನು ಮತ್ತೆ ಬರೆದು ಇದರ ಜೊತೆ ಇಟ್ಟಿದ್ದೇನೆ. ಅಚ್ಚು ಹಾಕಿದರೆ ಹೀಗೇ ಹಾಕು. ಇಲ್ಲದಿದ್ದರೆ ಕಳಿಸಿಬಿಡು, ನನ್ನ ಪೆಟ್ಟಿಗೆಯಲ್ಲಿ ಅವಳ ಲಂಗದ ಪಕ್ಕ ಜಾಗವಿದೆ.

ಊಟ ತಪ್ಪಿಸಬೇಡ. ನಿನ್ನ ಪತ್ರಿಕೆ ಬೆಳೆಯಲಿ, ಒಳ್ಳೆಯ ಹೆಣ್ಣು ಸಿಗಲಿ, ನಿನ್ನ ಮನೆ ತುಂಬ ಮಕ್ಕಳಾಗಲಿ. ಬಾಯಿಮಾತಿಗೆ ಹೇಳುತ್ತಿಲ್ಲ, ಅವ್ವ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ನಾನು.

ನಿನ್ನ ಅಕ್ಕ,
ಕದಿರಮ್ಮ

ಕಾಗದ ಮಡಿಸುವ ಮೊದಲು ಇನ್ನೊಂದು ಮಾತು. ಮಳೆ ಬಂದದ್ದು ಅವಳು ಹೋದ ಮೂರನೆಯ ದಿನ, ನಿನ್ನ ಜೊತೆ. ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತು, “ಬರೋಕೆ ಮಳೆ ಬಿಡಲಿಲ್ಲ ಅಕ್ಕ” ಎಂದು ಎಲ್ಲರೆದುರು ಹೇಳಿದೆ. ಡಾಕ್ಟರನ್ನು ಕರೆದುಕೊಂಡು ಬೇಗ ಬಾ ಎಂದು ನಾನು ಕೊಟ್ಟ ತಂತಿ ಬೆಂಗಳೂರಿನಲ್ಲಿ ನಿನ್ನ ಕೈ ಸೇರಿ ಆಗಲೇ ನಾಲ್ಕು ದಿನವಾಗಿತ್ತು. ಆ ತಿಂಗಳ ಸಂಚಿಕೆ ಅಚ್ಚಿನಲ್ಲಿತ್ತೆಂದು ಆಮೇಲೆ ಬೇರೆಯವರಿಂದ ತಿಳಿಯಿತು. ಅಂಜಿ ಹೋಗುವ ಹಿಂದಿನ ಮಧ್ಯಾಹ್ನ ಹುಳಕ್ಕೆ ಕೊನೆಯ ಸೊಪ್ಪು ಹಾಕಿದ್ದೆ. ಅವು ಮೇಯುವ ಸದ್ದು ಕೇಳಿ, ಜ್ವರದಲ್ಲಿದ್ದವಳು ಕಣ್ಣು ಬಿಟ್ಟು, “ಅವ್ವಾ, ಮಳೆ ಬತ್ತಾ ಐತೆ. ಮಾವ ನೆನೀತಾನೆ, ಕೊಡೆ ತಕ್ಕೊಂಡೋಗು” ಎಂದಳು. ನಾನು ಹೂಂ ಎಂದೆ. ಅವತ್ತು ಬೆಂಗಳೂರಿನಿಂದ ನಮ್ಮೂರವರೆಗೆ ದಾರಿ ಪೂರ್ತಿ ಒಣಗಿತ್ತು ಕಣೋ.