ಚಿತ್ರದ ಎಡಗಡೆಯ ಅಂಚು

ಅಂಚೆ ಕಚೇರಿಯ ಹಿಂದಿನ ಬೀದಿ, ಮೂರನೇ ಮಹಡಿ
ಮಾರ್ಚ್ ೯, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಮೊಣಕಾಲು ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಮಡಚಿ ಕಪಾಟಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದೀಯೋ? ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ರಕ್ತದೊತ್ತಡ ಮಾತ್ರ ಏರಿದೆ. ನಿನ್ನ ನಾದಿನಿ ಉಪ್ಪಿನ ಮೇಲೆ ತಪ್ಪು ಹೊರಿಸುತ್ತಾಳೆ, ನಾನು ಸ್ಮಾರಕ ಸಮಿತಿಯ ಮೇಲೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಯುದ್ಧದ ಮಾತೆತ್ತಿದ ಕೂಡಲೇ ನೀನು ‘ಊಟ ಆಯ್ತಾ, ಸರಿ, ಇಡ್ತೀನಿ’ ಅಂದು ಇಟ್ಟುಬಿಡುತ್ತೀ. ಅದಕ್ಕೇ ಈ ಪತ್ರ. ಕನ್ನಡಕ ಹಾಕಿಕೊಂಡು ಕೂತು ಓದು.

ವಿಷಯ ಇಷ್ಟು. ಸ್ಟೇಷನ್ ಮುಂದಿನ ಚೌಕದಲ್ಲಿ ನಿನ್ನ ಪ್ರತಿಮೆ ನಿಲ್ಲಿಸುತ್ತಾರಂತೆ. ಆ ಹಾಳು ಚಿತ್ರವನ್ನೇ ನೋಡಿ ಮಾಡಿದ್ದಾರೆ. ನೀರಿನ ಸರದಿಯಲ್ಲಿ ಬಕೆಟ್ ಹಿಡಿದು ಒಂಬತ್ತು ವರ್ಷದ ನೀನು ಅಳುತ್ತಾ ನಿಂತಿದ್ದನ್ನು ಪತ್ರಿಕೆಯವನು ತೆಗೆದನಲ್ಲ, ಅದು. ಶುಕ್ರವಾರ ಪುರಸಭೆಯ ಹಾಲ್‌ನಲ್ಲಿ ಮಣ್ಣಿನ ಮಾದರಿ ತೋರಿಸಿದರು. ನಾನು ನಿನ್ನ ತಮ್ಮ ಅಂತ ಮುಂದಿನ ಸಾಲಿನಲ್ಲಿ ಕೂರಿಸಿದರು. ಬಟ್ಟೆ ಸರಿಸಿದರೆ ನೀನೊಬ್ಬಳೇ ನಿಂತಿದ್ದೀ. ಕೆಳಗೆ ‘ಒಂಟಿ ಬಾಲೆ’ ಎಂದು ಹೆಸರು ಬೇರೆ. ಒಂಟಿಯಂತೆ. ನಾಲ್ಕು ವರ್ಷದ ನಾನು ನಿನ್ನ ಬೆನ್ನ ಹಿಂದೆಯೇ ಇದ್ದೆ. ಅಮ್ಮ ನಿನ್ನ ಭುಜದ ಮೇಲೆ ಕೈ ಇಟ್ಟಿದ್ದಳು. ಆ ಕೈ ಎಲ್ಲಿ ಅಂತ ಹುಡುಕಿ ಹುಡುಕಿ ಸಾಕಾಯಿತು.

ಅಷ್ಟರಲ್ಲಿ ಸಮಿತಿಯ ಅಧ್ಯಕ್ಷರ ಭಾಷಣ. ಆತನಿಗೆ ನಲವತ್ತು ತುಂಬಿದ್ದರೆ ಹೆಚ್ಚು. ಇಡೀ ಯುದ್ಧದ ದುಃಖ ಈ ಮಗುವಿನ ಕಣ್ಣಲ್ಲಿದೆ ಅಂದ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಅವಳು ಅತ್ತದ್ದು ಬೂಟು ಕಚ್ಚಿದ್ದಕ್ಕೆ ಅಂದೆ. ನೀನೇ ಒಮ್ಮೆ ಹೇಳಿದ್ದೆ, ‘ಬೂಟು ಚಿಕ್ಕದಾಗಿತ್ತು ಕಣೋ, ಅಷ್ಟೇ. ಅಮ್ಮ ನಾಳೆ ಬೇರೆ ಹುಡುಕ್ತೀನಿ ಅಂದ್ಳು’ ಅಂತ. ಆಮೇಲೆ ಅಮ್ಮ ಬದುಕಿದ್ದು ಹನ್ನೊಂದೇ ದಿನ. ಇದನ್ನೂ ಹೇಳಿದೆ. ಒಬ್ಬ ಮೇಷ್ಟ್ರು ನನ್ನ ಕೈಗೆ ನೀರಿನ ಲೋಟ ಕೊಟ್ಟರು. ಹಿಂದಿನಿಂದ ಯಾರೋ ‘ಪಾಪ, ವಯಸ್ಸಾಗಿದೆ’ ಅಂದದ್ದು ಚೆನ್ನಾಗಿ ಕೇಳಿಸಿತು. ನನ್ನಕ್ಕ ಯಾಕೆ ಅತ್ತಳು ಅಂತ ಆಗ ಹುಟ್ಟಿಯೇ ಇರದವರಿಂದ ನಾನು ಪಾಠ ಹೇಳಿಸಿಕೊಳ್ಳಬೇಕು, ನೋಡು.

ಮನೆಗೆ ಬಂದು ಹಳೆಯದನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿದೆ. ಮೊದಲ ಪತ್ರಿಕೆಯಲ್ಲಿ ಎಡಗಡೆ ಅಮ್ಮನ ಕೈ ಮೊಣಕೈವರೆಗೂ ಇದೆ, ತೋಳು ಮಡಚಿದ್ದು ಸಹಿತ. ಮೊದಲ ಪಠ್ಯಪುಸ್ತಕದಲ್ಲಿ ಮಣಿಕಟ್ಟಿನಿಂದ ಈಚೆಗೆ ಮಾತ್ರ. ನನ್ನ ಮಗಳ ಪುಸ್ತಕಕ್ಕೆ ಬರುವಾಗ ನಾಲ್ಕು ಬೆರಳು. ಮೊಮ್ಮಗಳ ಪುಸ್ತಕದಲ್ಲಿ ಎರಡು ಬೆರಳ ತುದಿ. ಅವಳು ಅದನ್ನು ಅಂಗಿಯ ಗುಂಡಿ ಅಂದುಕೊಂಡಿದ್ದಳು. ಈಗ ಅದೂ ಇಲ್ಲ. ಯಾರೂ ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ, ನನಗೆ ಮೈ ಉರಿಯುವುದು ಅದಕ್ಕೇ. ಒಬ್ಬನಿಗೆ ಅಂಚು ಸರಿಬರಲಿಲ್ಲ, ಇನ್ನೊಬ್ಬನಿಗೆ ಪುಟ ತುಂಬಿತು. ಜಗಳ ಆಡೋಣ ಅಂದರೆ ಎದುರಿಗೆ ಒಬ್ಬ ಆಸಾಮಿಯೂ ಸಿಗುವುದಿಲ್ಲ.

ಒಬ್ಬ ಸಿಗುತ್ತಾನೆ. ಅದನ್ನೂ ಹೇಳಿಬಿಡುತ್ತೇನೆ. ಆ ಮೊದಲ ಪಠ್ಯಪುಸ್ತಕ ಅಚ್ಚಾದದ್ದು ನಮ್ಮ ಪ್ರೆಸ್ಸಿನಲ್ಲಿ. ನನಗೆ ಇಪ್ಪತ್ತೆರಡು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೇಲ್ವಿಚಾರಕರು ಚಿತ್ರ ನನ್ನ ಮುಂದಿಟ್ಟು ‘ಎಡಗಡೆ ಅರ್ಧ ಇಂಚು ತೆಗಿ, ಅಂಕಣಕ್ಕೆ ಕೂರ್ತಿಲ್ಲ’ ಅಂದರು. ಇದು ನಮ್ಮಮ್ಮನ ಕೈ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಅನ್ನಲಿಲ್ಲ. ಸ್ಕೇಲು ಇಟ್ಟು ಬ್ಲೇಡು ಎಳೆದೆ. ಪುಟ ಚೆನ್ನಾಗಿ ಬಂತು ಅಂತ ಬೆನ್ನು ತಟ್ಟಿದರು. ನಲವತ್ತೆಂಟು ವರ್ಷ ನಿನಗೆ ಹೇಳಲು ಬಾಯಿ ಬರಲಿಲ್ಲ. ನಾಚಿಕೆಯಾಗುತ್ತದೆ ಅಕ್ಕಾ.

ಆ ಸಭೆಯಲ್ಲಿ ನನ್ನ ಮಾತಿಗೆ ಕಿವಿಗೊಟ್ಟವಳು ಶಿಲ್ಪಿ ಒಬ್ಬಳೇ, ಉಗುರಿನಲ್ಲೆಲ್ಲ ಮಣ್ಣು ತುಂಬಿಕೊಂಡಿದ್ದ ಹುಡುಗಿ. ಇಪ್ಪತ್ತನೇ ತಾರೀಕು ಮಣ್ಣಿನ ಮಾದರಿಯಿಂದ ಅಚ್ಚು ತೆಗೆಯುತ್ತಾರೆ, ಅಲ್ಲಿಯವರೆಗೆ ಅಮ್ಮನ ಕೈ ಸೇರಿಸಬಹುದು ಅಂದಳು. ಅಧ್ಯಕ್ಷನೂ ಹೂಂ ಅಂದ. ಆದರೆ ಚಿತ್ರ ನಿನ್ನದು, ಆದ್ದರಿಂದ ನಿನ್ನ ಒಪ್ಪಿಗೆ ಬೇಕಂತೆ. ಕಾಗದ ಇದರ ಜೊತೆಗಿದೆ. ಗುರುತು ಹಾಕಿದಲ್ಲಿ ಸಹಿ ಮಾಡಿ ಅವತ್ತೇ ಅಂಚೆಗೆ ಹಾಕು. ಗಡಿಯಾರದ ಕೆಳಗೆ ಸಿಕ್ಕಿಸಿ ಮರೆತರೆ ನಾನೇ ಬಸ್ಸು ಹತ್ತಿ ಬಂದು ಎದುರಿಗೆ ಕೂರುತ್ತೇನೆ.

ನಿನ್ನ ಮಗಳಿಗೂ ಅಳಿಯಂದಿರಿಗೂ ನನ್ನ ನೆನಪು ಹೇಳು, ಮಕ್ಕಳಿಗೆ ಮುತ್ತು. ಮೆಟ್ಟಿಲು ಹತ್ತಬೇಡ. ನಿನ್ನ ಆಶೀರ್ವಾದ ಬೈಗುಳದ ರೂಪದಲ್ಲಾದರೂ ಬರಲಿ.

ನಿನ್ನ ತಲೆನೋವು,
ತಮ್ಮ

ಮರೆತದ್ದು: ಮರೆತದ್ದಲ್ಲ, ಬಚ್ಚಿಟ್ಟದ್ದು. ಅಂಟಿಸಿದ ಲಕೋಟೆ ಬಿಚ್ಚಿ ಅಂಚೆ ಕಚೇರಿಯಲ್ಲೇ ನಿಂತು ಬರೆಯುತ್ತಿದ್ದೇನೆ. ಆ ಹುಡುಗಿ ಬರೀ ಕೈ ಯಾಕೆ, ಅಮ್ಮನನ್ನೇ ಪೂರ್ತಿ ನಿಲ್ಲಿಸೋಣ ಅಂದಳು. ಪೆನ್ಸಿಲು ಹಿಡಿದು ‘ಅಮ್ಮ ನೋಡೋಕೆ ಹೇಗಿದ್ರು?’ ಅಂತ ಕೇಳಿದಳು. ಅಷ್ಟು ಹೊತ್ತು ಕೂಗಾಡಿದವನು ನಾನು, ಇಡೀ ಹಾಲ್ ನನ್ನನ್ನೇ ನೋಡುತ್ತಿತ್ತು. ಗೊತ್ತಿಲ್ಲ ಅನ್ನಲಾಗಲಿಲ್ಲ ಅಕ್ಕಾ. ನನಗೆ ಅಮ್ಮನ ಮುಖ ನೆನಪೇ ಇಲ್ಲ. ನೆನಪಿದೆ ಅಂತ ಇಷ್ಟು ವರ್ಷ ನಿನಗೆ ಹೇಳಿದ್ದು ಸುಳ್ಳು. ಮೂವತ್ತರಲ್ಲಿ ನೀನು ಹೇಗಿದ್ದೆಯೋ ಅದನ್ನೇ ಹೇಳಿದೆ. ಅಗಲ ಹಣೆ, ಗಲ್ಲದ ಮೇಲಿನ ಕುಳಿ, ಸಿಟ್ಟು ಬಂದರೆ ಮೇಲೇರುವ ಎಡ ಹುಬ್ಬು. ಅವಳು ಬರೆದುಕೊಂಡಳು, ಎಲ್ಲರೂ ಚೆನ್ನಾಗಿದೆ ಅಂದರು. ಅಮ್ಮನ ಮುಖ ಬಲ್ಲವರಲ್ಲಿ ಈಗ ಉಳಿದಿರುವವಳು ನೀನೊಬ್ಬಳೇ. ಅಮ್ಮ ಹಾಗಿರಲಿಲ್ಲವಾದರೆ, ಹೇಗಿದ್ದಳು ಅಂತ ಇಪ್ಪತ್ತರೊಳಗೆ ಬರೆ.