ಬಿಳಿ ಸೊಸೆ, ಕರಿ ಮಗಳು

ಯಲಬುರ್ಗಾ
14 ನವೆಂಬರ್ 2025

ಗವಿಸಿದ್ದೇಶ ಅವರಿಗೆ,

ದ್ರಾಕ್ಷಾಯಿಣಿಯ ನಮಸ್ಕಾರ. ನಿಮ್ಮ ಹೆಸರು ಹಿಡಿದು ಕರೆಯುತ್ತಿರುವುದು ಇದೇ ಮೊದಲು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಿಮ್ಮವ್ವ ಶೇಖರಮ್ಮನವರು ನನ್ನನ್ನು ಹೆದರಿಸಿದ್ದರು. ಈಗ ಆ ಚಿಂತೆ ನನ್ನದಲ್ಲ.

ನಿನ್ನೆ ನಿಮ್ಮ ಕಾಕಾ ಗುರುಬಸವಪ್ಪನವರು ಬಂದಿದ್ದರು. ಹೂವು, ಹಣ್ಣು, ನನ್ನ ಮಗಳು ತುಂಗಾಳಿಗೆ ಉಡಲು ಒಂದು ರೇಷ್ಮೆ ಪರಕಾರ. "ಆದದ್ದು ಆಗಿಹೋತು ತಂಗಿ. ಕೂಸು ನಮ್ಮ ರಕ್ತ ಐತಿ. ಇಬ್ಬರೂ ಗಂಗಾವತಿಗೆ ಬಂದುಬಿಡ್ರಿ, ಅಂತ ಅವನೇ ಹೇಳಿ ಕಳಿಸ್ಯಾನ" ಅಂದರು. ಹಿರಿಯರು, ಚಹಾ ಮಾಡಿ ಕೊಟ್ಟೆ. ಪರಕಾರವನ್ನು ಅವರ ಚೀಲಕ್ಕೇ ಹಾಕಿ, ಉತ್ತರ ಬರೆದು ಕಳಿಸುತ್ತೇನೆ ಎಂದೆ.

ನೀವು ನನ್ನನ್ನು ಮೊದಲು ನೋಡಿದ್ದು ಹಂಪಿಯ ಆಚೆ ದಂಡೆಯ ನನ್ನೂರು ವಿರೂಪಾಪುರಗಡ್ಡೆಯಲ್ಲಿ. ಹೊಳೆಯ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದೆ. ಇಂಗ್ಲಿಷಿನಲ್ಲಿ ಏನೋ ಕೇಳಿದಿರಿ. "ಏನಂದ್ರಿ? ಕನ್ನಡದಾಗ ಹೇಳ್ರಿ" ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಬೆಕ್ಕಿನ ಕಣ್ಣು, ಜೋಳದ ತೆನೆಯಂಥ ಕೂದಲು, ಬಾಯಲ್ಲಿ ಮಾತ್ರ ಗಡ್ಡೆಯ ಮಾತು, ನಿಮಗದು ತಮಾಷೆ. ನನಗೆ ಹುಟ್ಟಿನಿಂದ ಬಂದ ಕಾಟ. ಶಾಲೆಯಲ್ಲಿ ನಾನು ಬಿಳೇ ಹಲ್ಲಿ. ಊರ ಹೆಂಗಸರಿಗೆ ಫಾರಿನ್ನಿನವನ ಕೂಸು. ಬಂದುಹೋಗುವ ವಿದೇಶಿಯರಿಗೆ, ತಮ್ಮ ಭಾಷೆ ಕಳೆದುಕೊಂಡ ತಮ್ಮವರ ಹುಡುಗಿ. ಅವ್ವ ಹುಲಿಗವ್ವ ಒಂದು ಗೆಸ್ಟ್‌ಹೌಸಿನಲ್ಲಿ ಅಡುಗೆ ಮಾಡುತ್ತಿದ್ದಳು. ಅಲ್ಲಿ ಎರಡು ಚಳಿಗಾಲ ಇದ್ದ ಫಾರಿನ್ನಿನವನು, ಅವಳಿಗೆ ಬಸಿರು ನಿಂತದ್ದು ಅವಳಿಗೇ ತಿಳಿಯುವ ಮೊದಲು ಹೋಗಿದ್ದ. ಅವನ ಊರು ಯಾವುದೋ ಅವಳಿಗೆ ಗೊತ್ತಿಲ್ಲ. ಸಣ್ಣವಳಿದ್ದಾಗ ಒಮ್ಮೆ ಅಳುತ್ತಾ ಬಂದು, ನಾನು ಅರ್ಧ ಯಾರವಳು ಎಂದು ಕೇಳಿದ್ದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೊತ್ತಾಕಿ ನಾನು, ಹೆತ್ತಾಕಿ ನಾನು. ಅರ್ಧ ಹೆಂಗ ಹಡೀತಾರ?" ಅಂದಳು.

ಆ ಮಾತು ನನಗೆ ಅರ್ಥವಾಗಲು ನಿಮ್ಮ ಮನೆಗೆ ಬರಬೇಕಾಯಿತು.

ಮದುವೆಯಲ್ಲಿ ನಿಮ್ಮ ಬಳಗದಲ್ಲಿ ಒಬ್ಬರೂ ನನ್ನವ್ವನ ಜಾತಿ ಕೇಳಲಿಲ್ಲ. ಇದು ನನಗೆ ಎಂಥ ಆಶ್ಚರ್ಯ! ಕೇಳಬೇಕಾದುದನ್ನೆಲ್ಲ ನನ್ನ ಬಣ್ಣ ಮುಚ್ಚಿಹಾಕಿತ್ತು. ಅವ್ವ ಬಂದರೆ ಹಿತ್ತಲ ಬಾಗಿಲು. ನಾನು ಮಾತ್ರ ಗದ್ದೆ ನಡುವಿನ ನಿಮ್ಮ ರೆಸಾರ್ಟಿನ ಮುಂಬಾಗಿಲಲ್ಲಿ, ರೇಷ್ಮೆ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು. ರಸ್ತೆಯ ಬೋರ್ಡಿನ ಮೇಲೂ ನಾನೇ. ಶೇಖರಮ್ಮನವರು ಬಂದವರಿಗೆಲ್ಲ "ನಮ್ಮ ಬಿಳಿ ಸೊಸಿ ನೋಡ್ರಿ, ಮೊಮ್ಮಕ್ಕಳು ಗೊಂಬಿ ಹಂಗ ಹುಟ್ತಾವು" ಎಂದು ತೋರಿಸುತ್ತಿದ್ದರು.

ತುಂಗಾ ಹುಟ್ಟಿದಳು. ಎರೆಮಣ್ಣಿನ ಬಣ್ಣ, ಕೂಡಿಕೊಂಡ ದಟ್ಟ ಹುಬ್ಬು. ನಿಮ್ಮವ್ವ ಅರಿವೆ ಸರಿಸಿ ನೋಡಿದವರು ಕೈ ಹಿಂದೆ ತೆಗೆದುಕೊಂಡರು. ನೀವು ಕೂಸನ್ನು ನೋಡಲಿಲ್ಲ, ನನ್ನನ್ನು ನೋಡಿದಿರಿ. "ಯಾರದಿದು?" ಎಂದಿರಿ. ಹೆರಿಗೆಯ ಹೊಲಿಗೆ ಇನ್ನೂ ಮಾಗಿರಲಿಲ್ಲ, ಹಾಸಿಗೆಯಿಂದ ಇಳಿದು ನಿಮ್ಮ ಕಾಲು ಹಿಡಿದೆ. ರಕ್ತ ಪರೀಕ್ಷೆ ಮಾಡಿಸ್ರಿ ಎಂದು ಬೇಡಿಕೊಂಡೆ. "ಕಣ್ಣಿಗೆ ಕಾಣೂದಕ್ಕ ಪರೀಕ್ಷೆ ಯಾಕ ಬೇಕು?" ಅಂದಿರಿ. ಹಿರಿಯರ ಮುಂದೆ ಕೂಸು ನಿಮ್ಮದಲ್ಲ ಎಂದು ಹೇಳಿ, ಆಮೇಲೆ ಕೋರ್ಟಿನಿಂದ ವಿಚ್ಛೇದನದ ಸೋಡಚೀಟಿ ಪಡೆದಿರಿ. ನನ್ನವ್ವನ ಮೈಬಣ್ಣ ಯಾವುದು ಎಂದು ನಿಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ. ಹಿತ್ತಲಲ್ಲಿ ನಿಂತವಳನ್ನು ಯಾರು ನೋಡಿದ್ದರು?

ನಿಮ್ಮಪ್ಪ ಅಂದಪ್ಪನವರನ್ನು ನಾನು ಕಂಡಿಲ್ಲ. ನೀವು ತೊಟ್ಟಿಲಲ್ಲಿದ್ದಾಗಲೇ ಹೋದವರು. ನಿಮ್ಮ ಪಡಸಾಲೆಯಲ್ಲಿ ಅವರ ಫೋಟೋ ಇದೆ. ಕೆಂಪು ಗಲ್ಲ, ಎಳೆದಂಥ ಹುಬ್ಬು. ಅದನ್ನು ಸ್ಟುಡಿಯೋದವನು ತಿದ್ದಿ ಬೆಳ್ಳಗೆ ಮಾಡಿ, ಕೂಡಿದ ಹುಬ್ಬು ಬಿಡಿಸಿದ್ದು ನನಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಕ್ಕಿಲ್ಲ, ಅಷ್ಟು ಒಪ್ಪುತ್ತೇನೆ. ಆದರೆ ಅವರ ಹೆಂಡತಿಗೆ?

ಕಳೆದ ಭಾನುವಾರ ಕೊಪ್ಪಳದ ಕಲ್ಯಾಣಮಂಟಪದಲ್ಲಿ ಕುಷ್ಟಗಿಯ ಅಮೃತಾಳ ಜತೆ ನಿಮ್ಮ ನಿಶ್ಚಿತಾರ್ಥವಿದ್ದಾಗ ಮುಂದಿನ ಸಾಲಿನಲ್ಲಿ ಹೋಗಿ ಕೂತೆ. ಜಗಳ ತೆಗೆಯಲಿಲ್ಲ. ಮಗಳ ಕೂದಲು ಹಿಂದಕ್ಕೆ ಎಳೆದು ಜಡೆ ಹಾಕಿದ್ದೆ, ಮುಖ ಪೂರ್ತಿ ಕಾಣಲಿ ಎಂದು. ಅವಳು ಹೂವು ಆರಿಸುತ್ತಾ ವೇದಿಕೆಯ ಹತ್ತಿರ ಹೋದಳು. ನಿಮ್ಮ ಕಾಕಾ ಅವಳನ್ನು ಅವತ್ತೇ ಮೊದಲು ಕಂಡವರು, ಎದ್ದು ನಿಂತರು. "ಯಾರ ಕೂಸವಾ ಇದು? ನಮ್ಮ ಅಂದಪ್ಪಣ್ಣನ ಮಾರಿ ಕಿತ್ತಿಟ್ಟಂಗ ಐತಲ್ಲ!" ಎಂದು ಕೂಗಿಯೇಬಿಟ್ಟರು. ನನ್ನನ್ನು ನೋಡಿದರು. ತಿರುಗಿ ನಿಮ್ಮವ್ವನನ್ನು ನೋಡಿ, "ವೈನಿ, ನೀವೇ ಹೇಳ್ರಿ. ಅಣ್ಣನ ಮಾರಿ ಹೌದೋ ಅಲ್ಲೋ?" ಎಂದರು. ಶೇಖರಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡರು. "ಹುಟ್ಟಿದ ದಿನಾನ ಗುರ್ತು ಹಿಡಿದಿದ್ದೆ. ಕರೇದು ನನಗ ಬ್ಯಾಡಾಗಿತ್ತು" ಎಂದರು.

ಮೈಕು ಅವರ ಹತ್ತಿರವೇ ಇತ್ತು. ಊಟದ ಹಾಲಿನವರೆಗೂ ಕೇಳಿಸಿತು.

ಅಮೃತಾ ಬೆರಳಿನ ಉಂಗುರ ತೆಗೆದು ತಟ್ಟೆಯಲ್ಲಿಟ್ಟಳು. ಅವಳ ಕಡೆಯವರು ಒಬ್ಬೊಬ್ಬರಾಗಿ ಎದ್ದರು. ನೀವು ಕುರ್ಚಿಯಲ್ಲಿ ಕೂತೇ ಇದ್ದಿರಿ, ಪೇಟ ಓರೆಯಾಗಿತ್ತು. ಸುಳ್ಳೇಕೆ, ನನಗೆ ಭಾಳ ಸಂತೋಷವಾಯಿತು. ಬಸ್ಸಿನಲ್ಲಿ ತುಂಗಾ ನನ್ನ ತೊಡೆಯ ಮೇಲೆ ಮಲಗಿದ್ದಳು, ನಾನು ಯಲಬುರ್ಗಾದವರೆಗೂ ಒಬ್ಬಳೇ ನಗುತ್ತಾ ಬಂದೆ.

ಈಗ ಕಣ್ಣಿಗೆ ಕಾಣುತ್ತಿದೆ, ಅದಕ್ಕೆ ಮಗಳು ಬೇಕು. ಇಲ್ಲ, ಕೊಡುವುದಿಲ್ಲ. ನನ್ನನ್ನು ಹುಟ್ಟಿಸಿದವನಿಗೆ ನಾನು ಹುಟ್ಟಿದ್ದೇ ಗೊತ್ತಿಲ್ಲ. ಎಲ್ಲೋ ಯಾವುದೋ ದೇಶದಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿರಬಹುದು, ಅವನ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ. ನಿಮಗೆ ಗೊತ್ತಾಗಿದೆ. ಗೊತ್ತಿದ್ದೂ ಎತ್ತಿಕೊಳ್ಳಲಾರದೆ ಇರಿ. ನಿಮಗೆ ನಾನು ಕೊಡುವ ಶಿಕ್ಷೆ ಇದೊಂದೇ. ಇದಕ್ಕೆ ಹಿರಿಯರನ್ನು ಕೂಡಿಸಬೇಕಿಲ್ಲ. ಕೋರ್ಟಿಗೆ ಹೋಗುವುದಾದರೆ ಹೋಗಿ, "ಕೂಸು ನನ್ನದಲ್ಲ" ಎಂದವರು ನೀವೇ ಎಂದು ಸಾಕ್ಷಿ ಹೇಳಲು ಆ ಹಿರಿಯರನ್ನೇ ಕರೆತರುತ್ತೇನೆ.

ಯಾರವಳೆಂದು ಬೀದಿಯಲ್ಲಿ ಯಾರಾದರೂ ಕೇಳಿದರೆ ತುಂಗಾ, "ಹುಲಿಗವ್ವನ ಮೊಮ್ಮಗಳು" ಎನ್ನುತ್ತಾಳೆ. ನನ್ನ ಬಿಳಿ ಕೈ, ಅವಳ ಕರಿ ಕೈ ಒಂದರ ಪಕ್ಕ ಒಂದು ಇಟ್ಟು ಬಳೆ ಎಣಿಸುತ್ತಾಳೆ, ಬಣ್ಣದ ಮಾತೇ ಎತ್ತುವುದಿಲ್ಲ. ದೊಡ್ಡವಳಾಗಿ ಅಪ್ಪ ಯಾರೆಂದು ಕೇಳಿದ ದಿನ ಒಂದೂ ಮುಚ್ಚಿಡದೆ ಹೇಳಿ, ನಿಮ್ಮ ವಿಳಾಸ ಕೊಡುತ್ತೇನೆ. ಬಂದು ಬಾಗಿಲು ಬಡಿದರೆ ಉತ್ತರ ಕೊಡುವ ಕಷ್ಟ ನಿಮ್ಮದು.

ಇತಿ,
ಹುಲಿಗವ್ವನ ಮಗಳು
ದ್ರಾಕ್ಷಾಯಿಣಿ

ತಾ.ಕ.: ಸುದ್ದಿ ತಿಳಿದು ನಾನೇ ನುಗ್ಗಿ ಬಂದೆನೆಂದು ನೀವು ಬೈಯುತ್ತಿದ್ದೀರಂತೆ. ಇಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟಿರುವುದು ನಿಮಗೆ ಗೊತ್ತಿರಲಿಲ್ಲ, ಅಮೃತಾಳಿಗೆ ಗೊತ್ತಿತ್ತು. ನಿಶ್ಚಿತಾರ್ಥದ ಜಂಪರು ಹೊಲಿಸುವ ನೆಪದಲ್ಲಿ, ನೀವು ನನ್ನನ್ನು ಬಿಟ್ಟ ಕಾರಣ ತಿಳಿಯಲು ಬಂದಿದ್ದಳು. ಅವಳಪ್ಪ ಅಂದಪ್ಪನವರ ಜತೆ ಓದಿದವರು. ಆ ಇಬ್ಬರೂ ಕೂಡಿ ತೆಗೆಸಿದ, ತಿದ್ದದ ಹಳೆಯ ಫೋಟೋ ಅವಳ ಮೊಬೈಲಿನಲ್ಲಿತ್ತು. ಅದನ್ನು ತುಂಗಾಳ ಮುಖದ ಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು. "ನಾ ಒಬ್ಬಾಕಿ ಒಲ್ಲೆ ಅಂದ್ರ ಹೆಸರು ನನಗ ಕೆಡತೈತಿ ಅಕ್ಕಾ. ಅವರ ಮಂದಿ ಬಾಯಿಂದಾನ ಬರಲಿ" ಅಂದಳು. ಮುಂದಿನ ಸಾಲಿನಲ್ಲಿ ನಮ್ಮಿಬ್ಬರಿಗೆ ಕುರ್ಚಿ ಹಾಕಿಸಿದವಳೂ ಅವಳೇ.